ಜೌಗಿನಲ್ಲಿ ಲಕ್ಕಿ ನೆಟ್ಟ ಕಾಟಯ್ಯ

ಎಲ್ಲರೂ ಕೂತಿರಾ? ಹಾಗಾದರೆ ಕೇಳಿ. ಒಂದೂರಲ್ಲಿ ದ್ಯಾವಮ್ಮ ಅಂತ ಇದ್ದಳು. ಅವಳಿಗೊಬ್ಬನೇ ಮಗ, ಕಾಟಯ್ಯ. ಆಳು ನೋಡಿದರೆ ಕಂಬ, ಬುದ್ಧಿ ಕೊಡೋದನ್ನು ಮಾತ್ರ ದೇವರು ಮರೆತಿದ್ದ. ಹೇಳಿದ ಮಾತನ್ನು ಒಂದಕ್ಷರ ಬಿಡದೆ ಮಾಡುತ್ತಿದ್ದ. ಅದೇ ದ್ಯಾವಮ್ಮನ ತಲೆನೋವು.

ಅವರಿಗಿದ್ದದ್ದು ಹಳ್ಳದ ಪಕ್ಕದ ಒಂದೇ ತುಂಡು ಹೊಲ. ಪ್ರತಿ ಮಳೆಗೂ ಹಳ್ಳ ದಂಡೆಯನ್ನು ಕಚ್ಚಿ ಕಚ್ಚಿ ತಿನ್ನುತ್ತಿತ್ತು. ಈ ಸಲವೂ ಸುಮ್ಮನಿದ್ದರೆ ಹೊಲವಿಲ್ಲ, ಹೊಲವಿಲ್ಲದಿದ್ದರೆ ಹಿಟ್ಟಿಲ್ಲ. ದಂಡೆಯೆಲ್ಲ ಜೌಗು, ಬೇರೆ ಗಿಡ ನೆಟ್ಟರೆ ಕೊಳೆಯುತ್ತದೆ. ಲಕ್ಕಿ ಗಿಡ ಹಾಗಲ್ಲ. ಕಡ್ಡಿ ಊರಿದರೆ ಸಾಕು, ಎಲ್ಲಕ್ಕಿಂತ ಮೊದಲು ಬೇರು ಬಿಟ್ಟು ಮಣ್ಣು ಹಿಡಿಯುತ್ತದೆ.

“ಮಗ, ಲಕ್ಕಿ ಕಡ್ಡಿ ಕಡ್ಕೊಂಡು ಒದ್ದೆ ನೆಲ ನೋಡಿ ನೆಡು,” ಅಂದಳು ದ್ಯಾವಮ್ಮ.

“ಆಗ್ಲವ್ವ!”

ಬೆಳಗಿನ ಹೊತ್ತು. ಬೀದಿಯ ಹೆಂಗಸರು ಆಗಷ್ಟೇ ಬಾಗಿಲಿಗೆ ನೀರು ಹಾಕಿ, ಸಾರಿಸಿ, ರಂಗೋಲಿ ಬಿಟ್ಟಿದ್ದರು. ಕಾಟಯ್ಯ ನೋಡಿದ. ಒದ್ದೆ ನೆಲ! ಈ ಬಾಗಿಲಿಗೊಂದು ಕಡ್ಡಿ, ಆ ಬಾಗಿಲಿಗೊಂದು ಕಡ್ಡಿ, ರಂಗೋಲಿಯ ನಟ್ಟನಡುವೆ! ಹೆಂಗಸರು ಪೊರಕೆ ಹಿಡಿದು ಬಂದರು. ಗಲಾಟೆ ಕೇಳಿ ದ್ಯಾವಮ್ಮ ಓಡಿ ಬಂದಳು.

“ಅಯ್ಯೋ ಪೆದ್ದೇ! ಬೀದೀಲಲ್ಲ ಕಣ್ಲಾ, ಹಳ್ಳದ ದಂಡೇಲಿ! ನೆಟ್ಟು, ಬೇರು ಬಂತಾ ಅಂತ ದಿನಾ ನೋಡ್ಬೇಕು.”

“ಹಂಗೆ ಮೊದ್ಲೇ ಹೇಳ್ಬಾರ್ದಾ ಅವ್ವ?”

ಸರಿ, ದಂಡೆಯಲ್ಲಿ ನೆಟ್ಟ. ಮಾರನೆಯ ದಿನ ಒಂದೊಂದನ್ನೇ ಕಿತ್ತ, ನೋಡಿದ, ಮತ್ತೆ ಊರಿದ. ಅದರ ಮಾರನೆಯ ದಿನವೂ ಕಿತ್ತ, ನೋಡಿದ, ಊರಿದ. ಎಂಟು ದಿನಕ್ಕೆ ಕಡ್ಡಿಗಳೆಲ್ಲ ಒಣಗಿ ಸೌದೆಯಾದವು.

ದ್ಯಾವಮ್ಮ ಹಣೆ ಚಚ್ಚಿಕೊಂಡಳು. “ಕಿತ್ತು ನೋಡ್ತಾರೇನ್ಲಾ? ಕೆಸರಲ್ಲಿ ನಿಂತಿದ್ದನ್ನ ಕೀಳ್ಬಾರ್ದು! ಬುಡ ತುಳಿದು ಗಟ್ಟಿ ಮಾಡಿ, ಮೂರು ವಾರ ಅದರ ಪಾಡಿಗೆ ಬಿಡ್ಬೇಕು.”

“ಈಗ ಗೊತ್ತಾಯ್ತು ಬಿಡವ್ವ!”

ಮಳೆ ಹತ್ತಿರ ಬಂದಿತ್ತು. ಇವನನ್ನು ನಂಬಿದರೆ ಕೆಟ್ಟೆ ಅಂತ ದ್ಯಾವಮ್ಮ ತಾನೇ ಜೊತೆಗೆ ಹೊರಟಳು. ಅವಳು ಊರಿದಳು, ಅವನು ತುಳಿದ. ಸಂಜೆಗೆ ದಂಡೆಯುದ್ದಕ್ಕೂ ಲಕ್ಕಿ ಸಾಲು ನಿಂತಿತು. ಕೊನೆಯ ಕಡ್ಡಿ ಊರಿ ದ್ಯಾವಮ್ಮ ಕಾಲೆತ್ತಿದರೆ ಕಾಲು ಬರಲಿಲ್ಲ. ಮೊಣಕಾಲವರೆಗೆ ಕೆಸರು!

“ಕೈ ಹಿಡಿದು ಎಳೀಲಾ ಮಗ!”

“ಕೀಳ್ಬಾರ್ದು ಕಣವ್ವ!” ಅಂದ ಕಾಟಯ್ಯ. ಅವಳ ಕಾಲ ಸುತ್ತ ದಬದಬ ತುಳಿದ, ಚೆನ್ನಾಗಿ ಗಟ್ಟಿ ಮಾಡಿದ, ಮನೆಗೆ ಹೋದ.

“ಎಲ್ಲೋ ನಿಮ್ಮವ್ವ?” ಅಂತ ಪಕ್ಕದ ಮನೆ ಹನುಮಕ್ಕ ಕೇಳಿದಳು.

“ದಂಡೇಲಿ ನೆಟ್ಟು ಬಂದೆ ಅತ್ತೆ. ಮೂರು ವಾರ ಯಾರೂ ಮುಟ್ಟಂಗಿಲ್ಲ.”

ಹನುಮಕ್ಕ ಎದೆ ಬಡಿದುಕೊಂಡು ನಾಲ್ಕು ಜನರನ್ನು ಕರೆದುಕೊಂಡು ಓಡಿದಳು. ಎಲ್ಲರೂ ಸೇರಿ ಎಳೆದು ದ್ಯಾವಮ್ಮನನ್ನು ಗಟ್ಟಿ ನೆಲದ ಮೇಲೆ ಕೂರಿಸಿದರು.

ಕಾಟಯ್ಯ ಅಳುತ್ತಾ ಬಂದ. ಹಳ್ಳದಿಂದ ಬೊಗಸೆ ಬೊಗಸೆ ನೀರು ತಂದು ಅವ್ವನ ಕಾಲು ತೊಳೆದ. ದ್ಯಾವಮ್ಮನ ಸಿಟ್ಟೆಲ್ಲ ಇಳಿದುಹೋಯಿತು. ಪೆದ್ದನಾದರೇನು, ಹೆತ್ತ ಮಗ, ತಪ್ಪಾಯ್ತು ಅಂತ ಕಾಲು ಹಿಡಿದಿದ್ದಾನೆ. ಅವಳಿಗೂ ಅಳು ಬಂತು.

“ಹೋಗ್ಲಿ ಬಿಡು ಮಗ,” ಅಂದಳು.

ಕಾಟಯ್ಯ ಅವಳ ಎರಡೂ ಅಂಗಾಲು ಎತ್ತಿ, ತಿರುಗಿಸಿ ತಿರುಗಿಸಿ ನೋಡಿದ.

“ಒಂದು ಬೇರೂ ಬಿಟ್ಟಿಲ್ಲ ಕಣವ್ವ. ಒಣಗೋದ್ರೊಳಗೆ ಬಾ, ಮತ್ತೆ ನೆಡ್ತೀನಿ!”