ಐದು ಮಾರು ಹುರಿ

"ಗುರುಗಳೇ, ನೀವು ಕೊಟ್ಟದ್ದನ್ನು ನಾನು ಇನ್ನಷ್ಟು ಚೆನ್ನಾಗಿ ಮಾಡಿಕೊಂಡರೆ ಅದು ತಪ್ಪೇ?" ಎಂದು ಶಿಷ್ಯ ಕೇಳಿದ.

ಅವನು ಆಶ್ರಮಕ್ಕೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಬೆಳಿಗ್ಗೆ ಒಂದು ಗಂಟೆ ಧ್ಯಾನಕ್ಕೆ ಕೂರು ಎಂದು ಗುರುಗಳು ಹೇಳಿದ್ದರು. ಅವನು ಅದನ್ನು ಎರಡು ಗಂಟೆ ಮಾಡಿದ. ನಂತರ ಮೂರೂವರೆ ಮಾಡಿದ. ಬೆನ್ನು ಬಾಗದಿರಲೆಂದು ಹಲಗೆಯೊಂದನ್ನು ಮಾಡಿಸಿಕೊಂಡ. ಸದ್ದು ಕೇಳಬಾರದೆಂದು ಹಿಂದಿನ ಕೋಣೆಗೆ ಹೋದ. ಅವನ ಪಾಲಿನ ನೀರು ಸೇದುವ ಕೆಲಸವನ್ನು ಜೊತೆಗಾರನೊಬ್ಬ ಮಾಡುತ್ತಿದ್ದ. ಹಿಂದಿನ ದಿನ ಗುರುಗಳು ಅವನನ್ನು ಕರೆದು, "ಒಂದು ಗಂಟೆ ಸಾಕು" ಎಂದಿದ್ದರು. ಅದರಿಂದ ಅವನಿಗೆ ನೋವಾಗಿತ್ತು.

"ತಪ್ಪು ಎಂದು ನಾನು ಹೇಳಲಿಲ್ಲ. ಕುಳಿತುಕೋ" ಎಂದರು ಗುರುಗಳು. ಆಮೇಲೆ ಒಂದು ಕಥೆ ಹೇಳತೊಡಗಿದರು.

ಕರಾವಳಿಯ ಒಂದು ಊರಿನಲ್ಲಿ ಕೆಲವರು ಬಲೆ ಹಾಕುವುದಿಲ್ಲ. ಉಸಿರು ಬಿಗಿಹಿಡಿದು ಕಲ್ಲುಬಂಡೆಗಳ ಬುಡಕ್ಕೆ ಮುಳುಗಿ, ಈಟಿಬಂದೂಕಿನಿಂದ ಮೀನು ಹೊಡೆಯುತ್ತಾರೆ. ಆ ಬಂದೂಕಿನಲ್ಲಿ ಮದ್ದು ಗುಂಡು ಇರುವುದಿಲ್ಲ. ಒಂದು ಮರದ ದಂಡ, ಅದರ ಮೇಲೆ ಉಕ್ಕಿನ ಈಟಿ, ಈಟಿಯನ್ನು ತಳ್ಳಲು ಎಳೆದು ಸಿಕ್ಕಿಸುವ ರಬ್ಬರು, ಬಿಡಲು ಒಂದು ಟ್ರಿಗರ್, ಅಷ್ಟೇ. ಈಟಿ ಕಳೆದುಹೋಗಬಾರದೆಂದು ಅದನ್ನು ಹುರಿಯಿಂದ ದಂಡಕ್ಕೆ ಕಟ್ಟಿ, ಆ ಹುರಿಯನ್ನು ದಂಡದ ಮೇಲೆ ಸುತ್ತಿಟ್ಟಿರುತ್ತಾರೆ.

ಅಲ್ಲಿ ಯಾರೂ ಒಬ್ಬರೇ ಮುಳುಗುವುದಿಲ್ಲ. ಒಬ್ಬ ಕೆಳಗೆ ಹೋದರೆ ಇನ್ನೊಬ್ಬ ಮೇಲೆ ತೇಲುತ್ತಾ ಎಣಿಸುತ್ತಾನೆ. ನೂರು ಎಣಿಸುವುದರೊಳಗೆ ಕೆಳಗಿನವನು ಬರದಿದ್ದರೆ ಮೇಲಿನವನು ಇಳಿಯಬೇಕು. ಇಳಿಯುವಾಗ ಅಂಗೈ ಬಿಡಿಸಿ ಕೈಯನ್ನು ಮುಂದಕ್ಕೆ ಚಾಚಿರಬೇಕು. ನೀರಿನಲ್ಲಿ ಮನುಷ್ಯನ ಮೈಗಿಂತ ಮೊದಲು ಅಂಗೈ ಬೆಳ್ಳಗೆ ಕಾಣುತ್ತದೆ.

ಹುರಿಯ ಉದ್ದವನ್ನು ನಿರ್ಧರಿಸುವುದೂ ಆ ಅಂಗೈಯೇ. ಇಬ್ಬರೂ ನೀರೊಳಗೆ ಎದುರುಬದುರಾಗಿ ನಿಲ್ಲುತ್ತಾರೆ. ಒಬ್ಬ ಅಂಗೈ ತೋರಿಸುತ್ತಾ ಹಿಂದೆ ಹಿಂದೆ ಸರಿಯುತ್ತಾನೆ. ಅದು ಕಣ್ಣಿಗೆ ಮಾಸಿಹೋದ ಜಾಗವನ್ನು ಗುರುತು ಮಾಡಿ, ಕಾಣದ ಜಾಗಕ್ಕೆ ಈಟಿ ಹೋಗಬಾರದೆಂದು ಅದಕ್ಕಿಂತ ಒಂದು ಮಾರು ಕಡಿಮೆ ಇರುವಂತೆ ಹುರಿ ಕಟ್ಟುತ್ತಾರೆ. ನೀರಿನ ಬಣ್ಣ ಬದಲಾದಾಗ ಮತ್ತೆ ಅಳೆಯುತ್ತಾರೆ. ತಿಳಿನೀರಿನ ದಿನಗಳಲ್ಲಿ ಅಲ್ಲಿ ಕಣ್ಣು ಹೋಗುವುದು ನಾಲ್ಕು ಮಾರು. ಹುರಿ ಮೂರು ಮಾರು.

ಆ ಊರಿನಲ್ಲಿ ಒಬ್ಬ ಹೊಸ ಮುಳುಗುಗಾರನಿದ್ದ. ಅವನಿಗೆ ಕಲಿಸುತ್ತಿದ್ದವನು ಅವನ ಅಕ್ಕನ ಗಂಡ. ದೂರದ ಬಂಡೆಗಳಿಗೆ ಹೋಗುವ ದೊಡ್ಡ ದೋಣಿಯಲ್ಲಿ ಭಾವನಿಗೆ ಜಾಗವಿತ್ತು. ಭಾವಮೈದುನನಿಗೆ ಕಲಿಸಲೆಂದು ಆ ವರ್ಷ ಅವನು ದೋಣಿ ಹತ್ತದೆ ದಡದ ಬಂಡೆಗಳಲ್ಲೇ ಉಳಿದ. ಹೊಸಬನ ಕೈಗೆ ಕಲಿಯುವವರ ಬಂದೂಕು ಕೊಟ್ಟ. ಅದಕ್ಕೆ ಒಂದೇ ರಬ್ಬರು. ಅದರ ಈಟಿ ಎರಡು ಮಾರು ಹೋದರೆ ಹೆಚ್ಚು.

ಹೊಸಬನಿಗೆ ಬೇಕಾಗಿದ್ದುದು ದೋಣಿಯಲ್ಲಿ ಒಂದು ಜಾಗ. ಅದಕ್ಕೊಂದು ನಿಯಮವಿತ್ತು. ಮೀನಿನ ಬಾಲವನ್ನು ನೆಲಕ್ಕೆ ಊರಿ ನಿಲ್ಲಿಸಿದರೆ ಅದರ ತಲೆ ಹೊಡೆದವನ ಸೊಂಟಕ್ಕೆ ಬರಬೇಕು. ಮಳೆಗಾಲಕ್ಕೆ ದೋಣಿಯನ್ನು ಮೇಲೆಳೆಯುವ ಮೊದಲು ಅಂಥ ಒಂದು ಮೀನು ತಂದವನಿಗೆ ಮುಂದಿನ ವರ್ಷ ಜಾಗ. ತಾರದಿದ್ದವನು ಇನ್ನೊಂದು ವರ್ಷ ದಡದಲ್ಲಿ. ದೊಡ್ಡ ಮೀನುಗಳು ಅವನಿಗೆ ದಿನವೂ ಕಾಣುತ್ತಿದ್ದವು. ಎರಡೂವರೆ ಮಾರು ದೂರದಲ್ಲಿ ನಿಂತು, ಅವನನ್ನು ನೋಡಿ, ತಿರುಗಿ ಹೋಗುತ್ತಿದ್ದವು.

ಅವನು ಮನೆಯ ಹಿಂದಿನ ಚಾವಡಿಯಲ್ಲಿ ಕುಳಿತು ಬಂದೂಕಿಗೆ ಎರಡನೆಯ ರಬ್ಬರು ಕಟ್ಟಿದ. ಈಟಿ ಮೂರು ಮಾರು ಹೋಯಿತು. ಆದರೆ ಬಿಟ್ಟ ಕ್ಷಣಕ್ಕೆ ಮೂತಿ ಮೇಲಕ್ಕೆ ಜಿಗಿದು ಗುರಿ ತಪ್ಪತೊಡಗಿತು. ಅದಕ್ಕೆ ದಂಡದ ಕೆಳಗೆ ಸಾಗುವಾನಿ ಪಟ್ಟಿಯೊಂದನ್ನು ಅಂಟಿಸಿ ತೂಕ ಕೂಡಿಸಿದ. ಗುರಿ ನಿಂತಿತು. ಈಗ ಹಳೆಯ ಈಟಿ ಎರಡು ರಬ್ಬರಿನ ಹೊಡೆತಕ್ಕೆ ನಡುಗತೊಡಗಿತು. ಅದಕ್ಕಿಂತ ದಪ್ಪದ ಈಟಿಯನ್ನು ತಂದು, ತುದಿಯನ್ನು ತಾನೇ ಅರದಿಂದ ಉಜ್ಜಿ ಚೂಪು ಮಾಡಿದ. ಈಟಿ ನೆಟ್ಟಗೆ ಹೋಯಿತು. ಪ್ರತಿಯೊಂದು ಕೆಲಸವನ್ನೂ ಅವನು ಶ್ರದ್ಧೆಯಿಂದ ಮಾಡಿದ. ಆತುರ ಪಡಲಿಲ್ಲ. ಒಂದು ಗಂಟು ಸಡಿಲವಾಗಿ ಕಂಡರೂ ಬಿಚ್ಚಿ ಮತ್ತೆ ಕಟ್ಟಿದ.

ಭಾವ ಇದನ್ನೆಲ್ಲ ನೋಡುತ್ತಿದ್ದ. ಒಂದು ದಿನ, "ಬಂದೂಕಿಗೆ ನೀನು ಮಾಡುವ ಉಪಚಾರ ನೋಡಿದರೆ ಹೊಟ್ಟೆ ಉರಿಯುತ್ತದೆ ಮಾರಾಯ. ನಿನ್ನ ಅಕ್ಕ ನನಗೆ ಇದರಲ್ಲಿ ಅರ್ಧ ಮಾಡಿದ್ದರೂ ನಾನು ಹೀಗೆ ಸೊರಗುತ್ತಿರಲಿಲ್ಲ" ಎಂದ.

"ನಿಮಗೂ ಎರಡು ರಬ್ಬರು ಕಟ್ಟಿಸಲಾ ಭಾವ?"

"ಬೇಡಪ್ಪ. ಈಗಲೇ ಅವಳು ಕೂಗಿದರೆ ಸಾಕು, ಹಾರಿ ಬೀಳುತ್ತೇನೆ."

ಇಬ್ಬರೂ ನಕ್ಕರು.

ಆದರೆ ಬಂದೂಕಿನಲ್ಲಿ ಒಂದು ಕೊರತೆ ಉಳಿಯಿತು. ಮೂರು ಮಾರು ಮುಗಿದ ಕೂಡಲೇ ಹುರಿ ಬಿಗಿದು ಈಟಿಯನ್ನು ಹಿಂದಕ್ಕೆ ಎಳೆಯುತ್ತಿತ್ತು. ಬಲವಿತ್ತು, ಹೋಗಲು ಜಾಗವಿರಲಿಲ್ಲ. ದೊಡ್ಡ ಮೀನುಗಳೂ ಈಗ ಮೂರು ಮಾರಿನ ಆಚೆಗೆ ಸರಿದು ನಿಲ್ಲತೊಡಗಿದ್ದವು. ಒಮ್ಮೆ ದೊಡ್ಡ ಮೀನೊಂದರ ಮುಂದೆ ಗೇಣು ದೂರದಲ್ಲಿ ಈಟಿ ಹಾಗೆ ನಿಂತುಬಿಟ್ಟಿತು. ಅಂದು ಅವನು ಮನೆಗೆ ಬಂದು ಹುರಿ ಬಿಚ್ಚಿದ. ಐದು ಮಾರು ಉದ್ದದ ಹೊಸ ಹುರಿ ಕಟ್ಟಿ, ದಂಡದ ಮೇಲೆ ಇನ್ನೊಂದು ಸುತ್ತು ಸುತ್ತಿದ.

ಮರುದಿನ ದಡದಲ್ಲಿ ಭಾವ ಬಂದೂಕನ್ನು ಕೈಗೆ ತೆಗೆದುಕೊಂಡು ನೋಡಿದ. "ಒಂದು ಸುತ್ತು ಹೆಚ್ಚಿದೆಯಲ್ಲ?"

"ಹೊಸ ಹುರಿ ಭಾವ. ಉಳಿದದ್ದನ್ನು ಕತ್ತರಿಸಲು ಮನಸ್ಸು ಬರಲಿಲ್ಲ. ಹಾಗೇ ಸುತ್ತಿದ್ದೇನೆ."

"ಮೂರು ಮಾರಿನ ಆಚೆ ಬಿಚ್ಚಿಕೊಳ್ಳದಂತೆ ಅಳೆದು ಗಂಟು ಹಾಕಿದ್ದೀಯಲ್ಲ?"

"ಹಾಕಿದ್ದೇನೆ."

ಭಾವ ಬಂದೂಕನ್ನು ಹಿಂದಕ್ಕೆ ಕೊಟ್ಟ. ಮತ್ತೆ ಕೇಳಲಿಲ್ಲ.

ಮೇ ತಿಂಗಳ ಕೊನೆಯ ವಾರ ಬಂತು. ಮುಂಗಾರಿಗೆ ಮೊದಲಿನ ಎರಡು ಮಳೆ ಬಿದ್ದು ನೀರು ಕದಡಿತ್ತು. ಅಂಗೈ ಮೂರು ಮಾರಿಗೇ ಮಾಸುವ ನೀರು ಅದು. ದೋಣಿ ಮೇಲೆಳೆಯಲು ಎರಡು ದಿನ ಉಳಿದಿತ್ತು. ಭಾವ, "ಇವತ್ತು ಬೇಡ" ಎಂದ. ಹೊಸಬ, "ಒಂದೇ ಸಲ ಇಳಿಯುತ್ತೇನೆ" ಎಂದ. ಅವನ ಮುಖ ನೋಡಿ ಭಾವನೂ ನೀರಿಗಿಳಿದ.

ಹೊಸಬ ಮುಳುಗಿ ಬಂಡೆಯೊಂದರ ಪಕ್ಕದಲ್ಲಿ ಕಾದ. ದೂರದ ಮಸುಕಿನಲ್ಲಿ ಮೀನೊಂದು ಬಂತು. ಅವನು ನೋಡಿದವುಗಳಲ್ಲೆಲ್ಲ ದೊಡ್ಡದು. ಹಿಂದಿನ ಬಂದೂಕಾಗಿದ್ದರೆ ಅದು ತನಗಲ್ಲ ಎಂದು ಮೇಲೆ ಬರುತ್ತಿದ್ದ. ಈಗ ಹಾಗಿರಲಿಲ್ಲ. ಅದು ಮಗ್ಗುಲು ತಿರುಗಲಿ ಎಂದು ಕಾಯುತ್ತಾ ಉಸಿರು ಹಿಡಿದ. ಮೇಲೆ ಎಣಿಕೆ ನೂರು ದಾಟಿತು.

ಭಾವ ಇಳಿದ. ನೀರಿನ ಸೆಳೆತ ಅವನನ್ನು ಬಂಡೆಯ ಆಚೆ ಬದಿಗೆ ಒಯ್ದಿತ್ತು. ಆದ್ದರಿಂದ ಎದುರಿನಿಂದ ಬಂದ. ಕಲಿಸಿದ್ದ ರೀತಿಯಲ್ಲೇ ಅಂಗೈ ಬಿಡಿಸಿ, ಕೈ ಮುಂದೆ ಚಾಚಿ ಬಂದ.

ಮೀನು ಮಗ್ಗುಲು ತಿರುಗಿತು. ಹೊಸಬ ಟ್ರಿಗರ್ ಎಳೆದ.

ಹುರಿಯಲ್ಲಿ ಒಂದು ಜಗ್ಗು ಬಂತು. ಅದು ಮೀನಿನದು. ಹುರಿ ಇನ್ನೂ ಬಿಚ್ಚಿಕೊಳ್ಳುತ್ತಲೇ ಇತ್ತು. ಆಮೇಲೆ ಇನ್ನೊಂದು ಜಗ್ಗು ಬಂತು.

ಅವನು ಹುರಿಯನ್ನು ಎಳೆದು ತಂದ. ಅದರಲ್ಲಿ ಎರಡೂ ಇದ್ದವು.

ದಡದಲ್ಲಿದ್ದವರು ಓಡಿ ಬಂದರು. ಭಾವನ ಪಕ್ಕೆಯಲ್ಲಿ ಈಟಿ ನೆಟ್ಟಿತ್ತು. ಈಟಿಯನ್ನು ಕೀಳಬಾರದೆಂದು ತಿಳಿದಿದ್ದವರು ಹುರಿಯನ್ನಷ್ಟೇ ಕತ್ತರಿಸಿ, ಮೀನನ್ನು ಈಟಿಯ ಹಿಂದಿನ ತುದಿಯಿಂದ ಸರಿಸಿ ತೆಗೆದರು. ಅವನನ್ನು ಬಲೆಯ ಮೇಲೆ ಮಲಗಿಸಿ ರಸ್ತೆಗೆ ಹೊತ್ತರು. ಅಲ್ಲಿ ಒಂದು ಟೆಂಪೊ ಸಿಕ್ಕಿತು. ಅಕ್ಕ ಅದರಲ್ಲಿ ಹತ್ತಿ ಹೋದಳು. ತಮ್ಮನನ್ನು ಹತ್ತಿಸಿಕೊಳ್ಳಲಿಲ್ಲ.

ಮೀನು ಮರಳಿನ ಮೇಲೆ ಉಳಿಯಿತು.

ಮರುದಿನ ದೋಣಿಯ ಹಿರಿಯರು ಬಂದರು. ಬಂದೂಕನ್ನು ತರಿಸಿ ಒಂದೊಂದೇ ಭಾಗವನ್ನು ನೋಡಿದರು. ರಬ್ಬರಿನ ಕಟ್ಟು ಬಿಗಿಯಾಗಿತ್ತು. ಮರದ ಪಟ್ಟಿ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಬೇರೆ ಈಟಿ ಹಾಕಿ ನೀರಿನಲ್ಲಿ ಬಿಟ್ಟು ನೋಡಿದರು. ಐದು ಮಾರು ನೆಟ್ಟಗೆ ಹೋಯಿತು. ಹಿರಿಯರಲ್ಲಿ ಒಬ್ಬ, "ಇಷ್ಟು ಚೆನ್ನಾಗಿ ಕಟ್ಟಿದ ಬಂದೂಕು ಈ ದಡದಲ್ಲಿ ಇಲ್ಲ" ಎಂದ. ಅದು ಹೊಗಳಿಕೆಯೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ. ನಂತರ ಮಂಜುಗಡ್ಡೆಯಲ್ಲಿಟ್ಟಿದ್ದ ಮೀನನ್ನು ತರಿಸಿ, ಬಾಲ ಊರಿ, ಅವನ ಪಕ್ಕದಲ್ಲಿ ನಿಲ್ಲಿಸಿದರು. ತಲೆ ಸೊಂಟಕ್ಕಿಂತ ನಾಲ್ಕು ಬೆರಳು ಮೇಲೆ ಬಂತು. ನಿಯಮದಲ್ಲಿ ಕೇಳಿದ್ದು ಅಷ್ಟನ್ನೇ. ಅವನಿಗೆ ಜಾಗ ಕೊಟ್ಟರು.

ಮಳೆಗಾಲ ಕಳೆದು ದೋಣಿ ನೀರಿಗಿಳಿಯಿತು. ಅವನು ಹತ್ತಿದ. ದೂರದ ಬಂಡೆಗಳ ಬಳಿ ಲಂಗರು ಹಾಕಿದರು. ಉಳಿದವರು ಇಬ್ಬಿಬ್ಬರಾಗಿ ನೀರಿಗಿಳಿದರು. ಅವನ ಜೊತೆ ಇಳಿಯಲು ಯಾರೂ ಏಳಲಿಲ್ಲ. ಯಾರೂ ಬೈಯಲಿಲ್ಲ. ಅವರು ಬುತ್ತಿಯನ್ನು ಅವನಿಗೂ ಹಂಚಿದರು. ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನದಿಂದ ಅವನು ದೋಣಿಯೊಳಗೆ ಸೇರಿದ ನೀರನ್ನು ಮೊಗೆದು ಹೊರಗೆ ಚೆಲ್ಲುವ ಕೆಲಸ ಮಾಡತೊಡಗಿದ. ಹನ್ನೊಂದು ವರ್ಷ ಅದನ್ನೇ ಮಾಡಿದ. ಬಂದೂಕನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ದಿನವೂ ಜೊತೆಗೆ ತರುತ್ತಿದ್ದ. ಅದಕ್ಕೆ ಒಂದು ಚೂರೂ ತುಕ್ಕು ಹಿಡಿದಿರಲಿಲ್ಲ.

ಗುರುಗಳು ಕಥೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಏನಾದರೂ ಕೇಳುವುದಿದೆಯೇ ಎಂಬಂತೆ ಅವನ ಕಡೆ ನೋಡಿದರು.

ಶಿಷ್ಯ ಬೆರಳುಗಳ ಮೇಲೆ ಒಂದೊಂದಾಗಿ ಎಣಿಸಿದ. ಅವನು ಬುದ್ಧಿವಂತ. ಕೊನೆಗೆ ಅವನ ಮುಖ ತಿಳಿಯಾಯಿತು.

"ಅರ್ಥವಾಯಿತು ಗುರುಗಳೇ. ಅವನು ಮಾಡಿದ ನಾಲ್ಕು ಬದಲಾವಣೆಗಳಲ್ಲಿ ಮೊದಲ ಮೂರರಲ್ಲಿ ದೋಷವಿಲ್ಲ. ಎರಡನೆಯ ರಬ್ಬರು, ಮರದ ಪಟ್ಟಿ, ದಪ್ಪ ಈಟಿ, ಇವನ್ನು ಉಳಿಸಿಕೊಂಡು ಹುರಿಯನ್ನು ಮಾತ್ರ ಹಳೆಯ ಅಳತೆಗೆ ತಂದಿದ್ದರೆ ಆ ಬಂದೂಕಿನಿಂದ ತೊಂದರೆ ಆಗುತ್ತಿರಲಿಲ್ಲ. ಅಲ್ಲವೇ?"

"ಹೌದು, ಆಗುತ್ತಿರಲಿಲ್ಲ" ಎಂದರು ಗುರುಗಳು.

ಶಿಷ್ಯ ಸಮಾಧಾನದಿಂದ ನಮಸ್ಕರಿಸಿ ಎದ್ದ. ಬಾಗಿಲ ಬಳಿ ಹೋದಾಗ ಗುರುಗಳು ಹೇಳಿದರು:

"ಭಾವ ಬದುಕಿದನೇ ಎಂದು ನೀನು ಕೇಳಲೇ ಇಲ್ಲ."