ಅಳಿಸಿದ ಸಾಲು

ನದಿಯ ದಂಡೆಯ ಮೇಲೊಂದು ಮಠ. ಮಠ ನಡೆಸುವ ಒಂದು ಆಸ್ಪತ್ರೆ. ಆಸ್ಪತ್ರೆಯ ಹಿಂಬದಿಗೆ, ಡಾಕ್ಟರ ಕೋಣೆಗೆ ಗೋಡೆ ಹಂಚಿಕೊಂಡಂತೆ, ಕಂಪ್ಯೂಟರುಗಳ ಒಂದು ಸಣ್ಣ ಕೋಣೆ.

ಮಠದ ಶಿಷ್ಯ ಗುರುಮಲ್ಲನ ಸಾಧನೆ ನಡೆಯುತ್ತಿದ್ದುದು ಅಲ್ಲಿ.

ಮಠದ ಹಿರಿಯರನ್ನು ಎಲ್ಲರೂ ಬುದ್ಧಿ ಎಂದು ಕರೆಯುತ್ತಿದ್ದರು. ಕಾವಿ ಉಡುವ ಮೊದಲು ಅವರು ಟೆಲಿಫೋನ್ ಇಂಜಿನಿಯರ್ ಆಗಿದ್ದವರು. ಬೆಟ್ಟದ ಗಿರಿಜನರ ಹಾಡಿಗಳಲ್ಲಿದ್ದ ಆರೋಗ್ಯ ಕೇಂದ್ರಗಳನ್ನು ಈ ಆಸ್ಪತ್ರೆಗೆ ಜೋಡಿಸಿದ್ದು ಅವರೇ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಅಲ್ಲಿಂದ ಬರುವ ದನಿ, ಚಿತ್ರ, ರಕ್ತದ ವರದಿ ಎಲ್ಲವೂ ಈ ಕೋಣೆಯ ಒಂದು ಸ್ವಿಚ್ ದಾಟಿಯೇ ಹೋಗಬೇಕು. ಆಸ್ಪತ್ರೆಯೊಳಗಿನ ಕಂಪ್ಯೂಟರುಗಳಿಗೂ ಅದೇ ದಾರಿ.

ಅದು ಕೈಯಿಂದ ಒತ್ತುವ ಸ್ವಿಚ್ ಅಲ್ಲ. ಕಂಪ್ಯೂಟರಿನೊಳಗೆ ಬರೀ ಬರವಣಿಗೆಯಿಂದ ಆದದ್ದು. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿಯೇ ಅದರೊಡನೆ ಮಾತಾಡಬೇಕು.

ಮೊದಲ ದಿನ ಬುದ್ಧಿ ಹೇಳಿದ್ದರು:

"ಇದರೊಳಗೆ ಇಬ್ಬರಿದ್ದಾರೆ, ಮಲ್ಲ. ಮೇಲಿನವನು ಯೋಚಿಸ್ತಾನೆ. ಕೆಳಗಿನವನು ಸಾಗಿಸ್ತಾನೆ. ಹೊಸ ಕರೆ ಬಂದ್ರೆ ಕೆಳಗಿನವನಿಗೆ ದಾರಿ ಗೊತ್ತಿರಲ್ಲ. ಮೇಲಿನವನನ್ನು ಕೇಳ್ತಾನೆ. ಅವನು ಬಾಗಿಲು ತೋರಿಸ್ತಾನೆ. ಆಮೇಲೆ ಕೆಳಗಿನವನು ಮತ್ತೆ ಕೇಳಲ್ಲ. ಆ ದಾರೀನ ಒಂದು ಸಾಲಾಗಿ ಬರ್ಕೊಂಡು, ಅದರಂತೆ ಸಾಗಿಸ್ತಾನೆ."

"ಆ ಸಾಲುಗಳನ್ನು ಅಳಿಸಬಹುದಾ ಬುದ್ಧಿ?"

"ನೋಡು. ಮುಟ್ಟಬೇಡ."

ಅಷ್ಟೇ ಅಪ್ಪಣೆ. ಮಳೆಗಾಲ ಹಿಡಿದಾಗಿನಿಂದ ಗುರುಮಲ್ಲ ನೋಡುತ್ತಲೇ ಇದ್ದ. ಬೆಳಗ್ಗೆ ಪೂಜೆಯ ನೀರು ತಂದಿಟ್ಟು ಬಂದು ಕೂತರೆ, ತೋರಿಸುವ ಕಮಾಂಡ್ ಒಂದನ್ನೇ ಟೈಪ್ ಮಾಡುವುದು. ಸಾಲುಗಳು ಸುರಿಯುವುದು. ಓದುವುದು. ಮತ್ತೆ ಟೈಪ್ ಮಾಡುವುದು.

ಒಂದು ದಿನ ಬುದ್ಧಿ ಪರದೆಯ ಮೇಲೆ ಬೆರಳಿಟ್ಟರು.

"ಇದು ಯಾರು?"

"ಎರಡನೇ ಬಾಗಿಲಿಂದ ಬಂದು ನಾಲ್ಕನೇ ಬಾಗಿಲಿಗೆ ಹೋಗೋ ಸಾಲು, ಬುದ್ಧಿ."

"ವಿಳಾಸ ಕೇಳಲಿಲ್ಲ ಕಣಪ್ಪ. ಯಾರು ಅಂತ ಕೇಳಿದೆ."

ಗುರುಮಲ್ಲ ಆ ಸಾಲಿನ ಅಂಕಿಗಳನ್ನೇ ಮತ್ತೆ ಓದಿದ. ಬುದ್ಧಿ ಎದ್ದು ಹೋದರು. ಅವನಿಗೆ ಒಳಗೊಳಗೇ ಸಿಟ್ಟು ಬಂತು. ಪಾಲಿಟೆಕ್ನಿಕ್‌ನಲ್ಲಿ ಮೊದಲನೆಯವನಾಗಿ ಪಾಸಾದವನನ್ನು ಒಗಟು ಹೇಳಿ ಕೂರಿಸಿದ್ದಾರೆ ಎಂದುಕೊಂಡ.

ಅಂದಿನಿಂದ, ಬುದ್ಧಿ ಇಲ್ಲದಾಗ, ಅಭ್ಯಾಸಕ್ಕೆಂದು ಇಟ್ಟಿದ್ದ ಇನ್ನೊಂದು ಕಂಪ್ಯೂಟರಿನಲ್ಲಿ ಅವನು ಅಳಿಸುವ ಕಮಾಂಡ್ ಕಲಿತ. ಸಾಲನ್ನು ಅಳಿಸಿದರೆ ಏನೂ ಕೆಡುತ್ತಿರಲಿಲ್ಲ. ಕೆಳಗಿನವನು ಮತ್ತೆ ಕೇಳುತ್ತಿದ್ದ, ಮೇಲಿನವನು ಮತ್ತೆ ಹೇಳುತ್ತಿದ್ದ, ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲು ಹಾಗೇ ಹುಟ್ಟಿಕೊಳ್ಳುತ್ತಿತ್ತು.

ಇಷ್ಟಕ್ಕೆ ಇಷ್ಟು ಭಯವೇ, ಎಂದು ಅವನಿಗೆ ನಗು ಬಂದಿತ್ತು.

ಮಳೆ ಜೋರಾಗಿದ್ದ ಒಂದು ಮಧ್ಯಾಹ್ನ ಬುದ್ಧಿ ನೆರೆ ನೋಡಲು ನದಿಯ ಕಡೆ ಹೋಗಿದ್ದರು. ಆಸ್ಪತ್ರೆಯ ಆಡಳಿತ ನೋಡುವ ರುದ್ರಮುನಿಯವರು ಬಾಗಿಲು ದೂಡಿಕೊಂಡು ಬಂದರು.

"ಏನಪ್ಪ ಮಾಡ್ತಾ ಇದ್ದೀಯ ಇಲ್ಲಿ? ಔಷಧಿ ಕೌಂಟರ್ ನಿಂತುಹೋಗಿದೆ. ಲ್ಯಾಬಿನಿಂದ ವರದಿ ಬರ್ತಿಲ್ಲ. ಯಾವ ಊರಿಗೆ ಕರೆ ಮಾಡಿದ್ರೂ ಹೋಗ್ತಿಲ್ಲ. ಹೊರಗೆ ಜನ ನನ್ನ ಕುತ್ತಿಗೆ ಹಿಡೀತಿದ್ದಾರೆ!"

ಗುರುಮಲ್ಲ ಸಾಲುಗಳನ್ನು ತೆರೆದ. ಎಂದಿಗಿಂತ ಕಡಿಮೆ ಇದ್ದವು. ಎಷ್ಟು ನೋಡಿದರೂ ಹೊಸದು ಒಂದೂ ಹುಟ್ಟುತ್ತಿರಲಿಲ್ಲ.

"ಹಳೇದು ಕಟ್ಟಿಕೊಂಡಿದೆ ಅನ್ಸುತ್ತೆ, ಸಾರ್."

"ಹಾಗಾದ್ರೆ ತೆಗಿ!"

"ಬುದ್ಧಿ ಬರಲಿ..."

"ಬುದ್ಧಿ ನೀರು ನೋಡ್ತಾ ನಿಂತಿದ್ದಾರೆ. ನೀನು ಇಲ್ಲಿರೋದು ಯಾಕೆ?"

ಆ ಮಾತು ನಾಟಿತು. ಎಲ್ಲವನ್ನೂ ಅಳಿಸುವ ಧೈರ್ಯ ಅವನಿಗೆ ಬರಲಿಲ್ಲ. ಒಂದೇ ಒಂದನ್ನು ಅಳಿಸಿ ನೋಡೋಣ ಎಂದುಕೊಂಡ. ಇದ್ದುದರಲ್ಲಿ ತೀರಾ ಸಣ್ಣದನ್ನು ಆರಿಸಿದ. ಅದರಲ್ಲಿ ಹರಿಯುತ್ತಿದ್ದುದು ಅಷ್ಟಕ್ಕಷ್ಟೇ. ಹೋದರೂ ಯಾರಿಗೂ ಗೊತ್ತಾಗುವುದಿಲ್ಲ.

ಟೈಪ್ ಮಾಡಿದ. ಎಂಟರ್ ಒತ್ತಿದ.

ಸಾಲು ಹೋಯಿತು.

ಅದು ಮತ್ತೆ ಹುಟ್ಟಲಿ ಎಂದು ಕಾದ. ಹುಟ್ಟಲಿಲ್ಲ.

ಇನ್ನೊಮ್ಮೆ ನೋಡಿದ. ಇಲ್ಲ.

ಆಗ ಗೋಡೆಯಾಚೆಯಿಂದ ಡಾಕ್ಟರ್ ಸಬೀಹಾ ಅವರ ದನಿ ಕೇಳಿತು. ಅದು ಬೆಳಗಿನಿಂದಲೂ ಮೆಲ್ಲಗೆ ಕೇಳುತ್ತಲೇ ಇತ್ತು. ಅವನು ಗಮನ ಕೊಟ್ಟಿರಲಿಲ್ಲ. ಈಗ ಅವರು ಕೂಗುತ್ತಿದ್ದರು.

"ಪುಷ್ಪಾ? ಪುಷ್ಪಾ, ಕೇಳಿಸ್ತಿದೆಯಾ? ಎಳೀಬೇಡ! ಕೈ ತೆಗಿ, ಪುಷ್ಪಾ!"

ಗುರುಮಲ್ಲನಿಗೆ ಬೆಳಗಿನ ಮಾತು ನೆನಪಾಯಿತು.

ಬೆಟ್ಟದ ಮೇಲಿನ ಕೇಂದ್ರದಲ್ಲಿ ಕೇತಮ್ಮ ಎಂಬ ಹೆಂಗಸಿಗೆ ಹೆರಿಗೆ. ಮಗು ತಿರುಗಿಕೊಂಡಿದೆ, ಕಾಲು ಮೊದಲು ಬರುತ್ತಿದೆ. ಹಳ್ಳ ತುಂಬಿ ದಾರಿ ಮುಚ್ಚಿದೆ, ಆಂಬುಲೆನ್ಸ್ ಈಚೆಗೆ ಬರುವಂತಿಲ್ಲ. ನರ್ಸ್ ಪುಷ್ಪಲತಾ ಒಬ್ಬಳೇ. ಇಲ್ಲಿಂದ ಡಾಕ್ಟರಮ್ಮ ನೋಡುತ್ತ ಹೇಳಬೇಕು, ಅಲ್ಲಿ ಅವಳು ಮಾಡಬೇಕು. ಬೆಳಗ್ಗೆ ಊಟದ ಮನೆಯಲ್ಲಿ ಎಲ್ಲರೂ ಇದನ್ನೇ ಮಾತಾಡಿಕೊಳ್ಳುತ್ತಿದ್ದರು. ಅವನೂ ಕೇಳಿದ್ದ.

ಬೆಟ್ಟದಿಂದ ಇಲ್ಲಿಗೆ ಚಿತ್ರ ಬರುತ್ತದೆ, ಅದು ದೊಡ್ಡ ಸಾಲು. ಇಲ್ಲಿಂದ ಬೆಟ್ಟಕ್ಕೆ ಹೋಗುವುದು ಡಾಕ್ಟರಮ್ಮನ ದನಿ ಮಾತ್ರ.

ಅದು ಸಣ್ಣ ಸಾಲು.

"ಏನಾಯ್ತೋ?" ಎಂದರು ರುದ್ರಮುನಿಯವರು.

ಗುರುಮಲ್ಲ ತೋರಿಸುವ ಕಮಾಂಡನ್ನೇ ಮತ್ತೆ ಮತ್ತೆ ಟೈಪ್ ಮಾಡಿದ.

"ಏನಾಯ್ತು?" ಎಂದು ಇನ್ನೊಂದು ದನಿ ಕೇಳಿತು. ಬುದ್ಧಿ ಬಾಗಿಲಲ್ಲಿ ನಿಂತಿದ್ದರು. ಕಾವಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಒಂದು ಸಾಲು ಅಳಿಸಿದೆ ಬುದ್ಧಿ. ಅದು ವಾಪಸ್ ಬರ್ತಿಲ್ಲ. ಡಾಕ್ಟರಮ್ಮನ ದನಿ ಬೆಟ್ಟಕ್ಕೆ ಹೋಗ್ತಿಲ್ಲ."

ಬುದ್ಧಿ ಬೈಯಲಿಲ್ಲ. ಅವನ ಹಿಂದೆ ಬಂದು ನಿಂತರು.

"ಮೇಲಿನವನು ಬದುಕಿದ್ದಾನಾ?"

ಅದನ್ನು ಅವನು ಕೇಳಿ ನೋಡಿಯೇ ಇರಲಿಲ್ಲ. ಟೈಪ್ ಮಾಡಿದ. ಉತ್ತರ ಬರಲಿಲ್ಲ. ಯೋಚಿಸುವವನು ಯಾವಾಗಲೋ ಸತ್ತುಬಿದ್ದಿದ್ದ. ಕೆಳಗಿನವನಿಗೆ ಅದು ಗೊತ್ತೇ ಇಲ್ಲ. ಬರೆದುಕೊಂಡಿದ್ದ ಸಾಲುಗಳನ್ನು ನಂಬಿ ಸಾಗಿಸುತ್ತಲೇ ಇದ್ದ. ಹೊಸದಾಗಿ ಬಂದವಕ್ಕೆಲ್ಲ ದಾರಿ ಹೇಳುವವರೇ ಇರಲಿಲ್ಲ.

"ಅವನನ್ನು ಮತ್ತೆ ಶುರು ಮಾಡಿ, ಮುಗೀತು!" ಎಂದರು ರುದ್ರಮುನಿಯವರು.

"ಎದ್ದವನು ಮೊದಲು ಏನು ಮಾಡ್ತಾನೆ, ಮಲ್ಲ?"

"ಕೆಳಗಿರೋ ಸಾಲನ್ನೆಲ್ಲ ಒರೆಸಿಹಾಕ್ತಾನೆ ಬುದ್ಧಿ. ಆಮೇಲೆ ಹೊಸದಾಗಿ ಹೇಳ್ತಾನೆ."

"ಒರೆಸಿ, ಹೇಳದೇ ಮತ್ತೆ ಬಿದ್ದುಹೋದ್ರೆ?"

ಹೊರಗಿನ ಗದ್ದಲಕ್ಕೆ ರುದ್ರಮುನಿಯವರು ಅತ್ತ ಓಡಿದರು. ಗುರುಮಲ್ಲನಿಗೆ ಅರ್ಥವಾಯಿತು. ಈಗ ಡಾಕ್ಟರಮ್ಮನಿಗೆ ಕಾಣಿಸುತ್ತಾದರೂ ಇದೆ. ಆಗ ಅದೂ ಇರುವುದಿಲ್ಲ.

"ನೀವು ಕೂತ್ಕೊಳ್ಳಿ ಬುದ್ಧಿ," ಎಂದು ಕುರ್ಚಿಯಿಂದ ಅರ್ಧ ಎದ್ದ.

"ಅಳಿಸಿದವನು ಬರೀಬೇಕು. ಕೂತ್ಕೊ."

"ಕೈಯಿಂದ ಬರೆಯೋದನ್ನು ನೀವು ಕಲಿಸಿಲ್ಲ ಬುದ್ಧಿ!"

"ಆ ಸಾಲು ಓದಿದ್ದೀಯಲ್ಲ."

ಹೌದು. ಅಳಿಸುವ ಮುಂಚೆ ತೋರಿಸಿದ್ದು ಪರದೆಯಲ್ಲಿ ಇನ್ನೂ ಇತ್ತು. ಗುರುಮಲ್ಲ ಮೇಲಕ್ಕೆ ಸರಿಸಿದ. ಸಿಕ್ಕಿತು. ಎಲ್ಲಿಂದ ಬಂದದ್ದು, ಯಾವ ಗುರುತು, ಯಾವ ವಿಳಾಸ, ಕೊನೆಗೆ ಯಾವ ಬಾಗಿಲು. ಹರಿವು ಸಣ್ಣದಾದರೂ ಬರಹ ಉದ್ದ. ಒಂದು ಅಂಕಿ ತಪ್ಪಿದರೂ ದನಿ ಬೇರೆಲ್ಲೋ ಹೋಗಿ ಬೀಳುತ್ತದೆ.

"ಇದು ಯಾರು?" ಎಂದರು ಬುದ್ಧಿ.

"ಡಾಕ್ಟರಮ್ಮ, ಬುದ್ಧಿ. ಕೈ ತೆಗಿ ಅಂತ ಹೇಳ್ತಿದ್ದಾರೆ."

"ಬರಿ."

ಸೇರಿಸುವ ಕಮಾಂಡ್ ಟೈಪ್ ಮಾಡಿದ. ಬೆರಳು ಜಾರಿತು. ಅಳಿಸಿ ಮತ್ತೆ ಟೈಪ್ ಮಾಡಿದ.

ಗೋಡೆಯಾಚೆ ಡಾಕ್ಟರಮ್ಮನ ದನಿ ಒಡೆಯುತ್ತಿತ್ತು. "ಅವಳು ಕಾಲು ಹಿಡೀತಿದ್ದಾಳೆ... ಅಯ್ಯೋ, ಎಳೆದ್ರೆ ತಲೆ ಸಿಕ್ಕಿಕೊಳ್ಳುತ್ತೆ! ಕರೆ ಕಟ್ ಮಾಡಿ ಇನ್ನೊಂದ್ಸಲ ಮಾಡ್ತೀನಿ!"

ಕಟ್ ಮಾಡಿದರೆ ಮುಗಿಯಿತು. ಹೊಸ ಕರೆಗೆ ದಾರಿ ಹೇಳುವವನಿಲ್ಲ.

"ಬುದ್ಧೀ!" ಎಂದ ಗುರುಮಲ್ಲ, ಪರದೆಯಿಂದ ಕಣ್ಣು ಕೀಳದೆ.

"ನೀನು ಬರಿ."

ಬರೆದ. ಆಚೆಯ ಕೂಗು ನಿಂತಿತು. ಕಟ್ ಮಾಡಿದರೋ, ದನಿ ಸೋತಿತೋ ತಿಳಿಯಲಿಲ್ಲ. ತಿರುಗಿ ನೋಡುವಷ್ಟು ಹೊತ್ತಿರಲಿಲ್ಲ. ತನ್ನ ಹಿಂದೆ, ಕತ್ತಿಗೆ ಮೊಳದ ದೂರದಲ್ಲಿ, ಬುದ್ಧಿಯ ಕಣ್ಣು ಪ್ರತಿ ಅಕ್ಷರವನ್ನೂ ಕಾಯುತ್ತಿದೆ ಎಂದು ಅವನಿಗೆ ಅನ್ನಿಸಿತು. ಆ ನಂಬಿಕೆಯಲ್ಲೇ ಮುಂದಿನ ಅಂಕಿಗಳನ್ನು ಒತ್ತಿದ.

ಕೊನೆಯ ಅಂಕಿ ಬಂತು.

"ಸರಿ ಇದೆಯಾ ಬುದ್ಧಿ?"

ಬುದ್ಧಿ ಮಾತಾಡಲಿಲ್ಲ.

ಮಾತಾಡಲಿಲ್ಲ ಎಂದರೆ ಎಲ್ಲೋ ತಪ್ಪಿದೆ. ಗುರುಮಲ್ಲ ಮೊದಲಿನಿಂದ ಓದಿದ. ಗುರುತು ಸರಿ. ವಿಳಾಸ ಸರಿ. ಬಾಗಿಲು... ಬರುವ ಬಾಗಿಲನ್ನೂ ಹೋಗುವ ಬಾಗಿಲನ್ನೂ ಅದಲುಬದಲು ಮಾಡಿದ್ದ. ಹಾಗೇ ಒತ್ತಿದ್ದರೆ ಆ ದನಿ ಬೆಟ್ಟದ ಹಾದಿ ಹಿಡಿಯುತ್ತಲೇ ಇರಲಿಲ್ಲ.

ತಿದ್ದಿದ. ಇನ್ನೊಮ್ಮೆ ಓದಿದ. ಇನ್ನು ಕೇಳಲಿಲ್ಲ.

ಎಂಟರ್ ಒತ್ತಿದ.

ಪರದೆ ಸುಮ್ಮನಿತ್ತು. ತೋರಿಸುವ ಕಮಾಂಡ್ ಕೊಟ್ಟ. ಸಾಲು ಇತ್ತು. ಮತ್ತೆ ಕೊಟ್ಟ. ಸಾಲಿನ ಪಕ್ಕದ ಎಣಿಕೆ ಏರಿತ್ತು. ಅದರಲ್ಲಿ ಏನೋ ಹರಿಯುತ್ತಿತ್ತು.

ಗೋಡೆಯಾಚೆ ದನಿ ಮತ್ತೆ ಬಂತು. ಕೂಗಾಗಿರಲಿಲ್ಲ.

"ಹಾಂ ಪುಷ್ಪಾ. ಕೇಳಿಸ್ತಾ? ಕೈ ತೆಗಿ. ಹಾಗೇ ಬಿಡು. ಅದು ತಾನಾಗೇ ಇಳೀಲಿ. ಕತ್ತಿನ ಹಿಂಭಾಗ ಕಾಣೋ ತನಕ ಮುಟ್ಟಬೇಡ."

ಗುರುಮಲ್ಲ ಮೇಜಿಗೆ ಹಣೆ ಹಚ್ಚಿ ಕೂತ. ಹೊರಗೆ ಮಳೆ, ಅದರಾಚೆ ನದಿ.

"ಈಗ. ನಿಧಾನಕ್ಕೆ ಮೇಲಕ್ಕೆತ್ತು. ನಿಧಾನ. ನಿಧಾನ, ತಾಯಿ."

ಆಮೇಲೆ ಮೌನ. ಅದು ಬಹಳ ಉದ್ದವಿತ್ತು.

ಕೊನೆಗೆ ಗೋಡೆಯ ಆ ಬದಿಯಿಂದ, ಯಂತ್ರದ ಗರಗರದ ನಡುವೆ, ಸಣ್ಣದೊಂದು ಅಳು ಕೇಳಿತು.

ಗುರುಮಲ್ಲನೂ ಅತ್ತ.

"ಇನ್ನು ಮೇಲಿನವನನ್ನು ಎಬ್ಬಿಸಬಹುದು," ಎಂದು ಬುದ್ಧಿಯ ದನಿ ಕೇಳಿತು. "ಡಾಕ್ಟರಮ್ಮ ಮಾತು ಮುಗಿಸಿದ್ದಾರೆ."

ಎಬ್ಬಿಸಿದ. ಇದ್ದ ಸಾಲುಗಳೆಲ್ಲ ಮಾಯವಾದವು. ಒಂದೊಂದೇ ಮತ್ತೆ ಹುಟ್ಟಿದವು. ಔಷಧಿ ಕೌಂಟರಿನ ಗದ್ದಲ ಕರಗಿತು.

ಸ್ವಲ್ಪ ಹೊತ್ತಿಗೆ ಡಾಕ್ಟರ್ ಸಬೀಹಾ ಒಳಗೆ ಬಂದರು. ಬೆವರಿ ಹೋಗಿದ್ದರು. ಮುಖದಲ್ಲಿ ನಗು.

"ಹೆಣ್ಣು ಮಗು. ತಾಯಿನೂ ಚೆನ್ನಾಗಿದ್ದಾಳೆ. ಹಾಳು ಮಳೆಗೆ ಲೈನ್ ಕೈಕೊಡ್ತಲ್ಲಪ್ಪ, ಸರಿಮಾಡಿ ಪುಣ್ಯ ಕಟ್ಕೊಂಡೆ."

ಗುರುಮಲ್ಲ ಬುದ್ಧಿಯ ಕಡೆ ನೋಡಿದ. ಅವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

"ಮಳೆಗಲ್ಲ ಡಾಕ್ಟರಮ್ಮ," ಎಂದ. "ನಾನೇ ಅಳಿಸಿದ್ದು. ಸಣ್ಣದು, ಹೋದ್ರೆ ಹೋಗಲಿ ಅಂತ."

ಡಾಕ್ಟರಮ್ಮನ ನಗು ಅಲ್ಲೇ ನಿಂತಿತು. ಅವನನ್ನೇ ನೋಡಿದರು. ಆಮೇಲೆ ತಿರುಗಿ ಹೊರಟುಹೋದರು.

ಗುರುಮಲ್ಲ ಬುದ್ಧಿಯ ಕಡೆ ತಿರುಗಿದ.

"ನನ್ನನ್ನು ಮಠದಿಂದ ಕಳಿಸಿಬಿಡಿ ಬುದ್ಧಿ."

"ಯಾಕೆ?"

"ಇವತ್ತು ನೀವಿದ್ರಿ, ಬಚಾವಾಯ್ತು. ಬರೆಯುವಾಗ ನನ್ನ ಕೈಲಿ ಜೀವ ಇರಲಿಲ್ಲ. ಹಿಂದೆ ನಿಂತು ನೋಡ್ತಿದ್ದೀರಲ್ಲ, ಆ ಧೈರ್ಯದಲ್ಲೇ ಬರೆದೆ. ಬಾಗಿಲು ತಪ್ಪಾಗಿದ್ದಾಗ ನೀವು ಸುಮ್ಮನಿದ್ರಿ, ಅದರಿಂದಲೇ ಗೊತ್ತಾಯ್ತು. ಒಬ್ಬನೇ ಇದ್ದಿದ್ರೆ ನನ್ನಿಂದ ಆಗ್ತಿರಲಿಲ್ಲ."

ಬುದ್ಧಿ ಒದ್ದೆ ಕಾವಿಯ ಅಂಚನ್ನು ಹಿಂಡಿಕೊಂಡರು.

"ನಾನಾಗ ಇಲ್ಲಿರಲಿಲ್ಲ ಕಣಪ್ಪ. ಡಾಕ್ಟರಮ್ಮ ಕಟ್ ಮಾಡದ ಹಾಗೆ ತಡೀತಾ, ಗೋಡೆಯಾಚೆ ನಿಂತಿದ್ದೆ."