ಮೂರು ಕಡೆಯ ಅಳತೆ

ಹುಣಸೆಮರದ ಪೊಟರೆಯಲ್ಲಿ ಮರಿಗಳೊಂದಿಗೆ ವಾಸವಿದ್ದ ಅಳಿಲಮ್ಮನಿಗೆ, ಎಷ್ಟು ಒರೆಸಿದರೂ ಮಸುಕು ಹೋಗದ ಹಳೆಯ ಕಿಟಕಿ ಸಾಕಾಗಿಹೋಗಿತ್ತು. ಅದೇ ಮರದ ಮರಕುಟಿಗನನ್ನು ಕೇಳಲು ಅವಳಿಗೆ ಮನಸ್ಸಾಗಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ! ಪರವೂರಿನಿಂದ, ತಲೆಯ ಮೇಲೆ ಕಿರೀಟವಿರುವ ಚಂದ್ರಮುಕುಟ ಹಕ್ಕಿಯನ್ನೇ ಕರೆಸಿದಳು. ಅವನು ಕಿಟಕಿಯ ಕಿಂಡಿಯನ್ನು ಮೇಲ್ತುದಿಯಲ್ಲಿ ಒಮ್ಮೆ ಅಳೆದು ಹೋದ. ಮರುವಾರ ಹೊಸ ಕಿಟಕಿ ತಂದು, ಹಳೆಯದನ್ನು ಕಿತ್ತೆಸೆದ. ಹೊಸದು ಕೂರಲೇ ಇಲ್ಲ. ಕಿಂಡಿ ಕೆಳಗೆ ಇಕ್ಕಟ್ಟಾಗಿತ್ತು.

ಅಷ್ಟರಲ್ಲಿ ಎದುರಿನ ಕೊಂಬೆಯ ಮೇಲೆ ಮಲಗಿದ್ದ ಬೆಕ್ಕೊಂದು ಎದ್ದು ನಿಂತಿತು.

"ನಾಳೆ ಬಂದು ನೋಡುತ್ತೇನೆ," ಎಂದವನೇ ಚಂದ್ರಮುಕುಟ ಹಾರಿಹೋದ.

"ಮರಕುಟಿಗಣ್ಣಾ!" ಎಂದು ಅಳಿಲಮ್ಮ ಚೀರಿದಳು.

ಮರಕುಟಿಗ ಬಂದು ಪೊಟರೆಯೊಳಗೆ ನಿಂತ. ಕಿಂಡಿಯನ್ನು ಮೇಲೆ, ನಡುವೆ, ಕೆಳಗೆ ಕೊಕ್ಕಿಟ್ಟು ಅಳೆದ. ಬೆಕ್ಕು ಇನ್ನೊಂದು ಹೆಜ್ಜೆ ಮುಂದಿಟ್ಟಿತು.

"ಅಳೆಯುತ್ತಾ ಕೂರುವ ಹೊತ್ತೇ ಇದು?"

"ಮರ ಬೆಳೆದಂತೆ ಕಿಂಡಿ ಸೊಟ್ಟಗಾಗುತ್ತದಮ್ಮ. ಎಲ್ಲಿ ಇಕ್ಕಟ್ಟೋ ಅದೇ ಸರಿಯಾದ ಅಳತೆ."

ಅಲ್ಲೇ ಬಿದ್ದಿದ್ದ ಹೊಸ ಕಿಟಕಿಯ ಚೌಕಟ್ಟಿನ ಅಂಚನ್ನು ಆ ಅಳತೆಗೆ ಕುಟ್ಟಿ ತೆಗೆದು, ಅದನ್ನು ಗುದ್ದಿ ಕೂರಿಸಿದ. ಮರುಗಳಿಗೆಯೇ ಬೆಕ್ಕಿನ ಪಂಜ ಬಂದು ಬಡಿಯಿತು. ಕಿಟಕಿ ಅಲುಗಲಿಲ್ಲ.

ಅಳಿಲಮ್ಮ ಕೇಳಿದಳು: "ಬೆಕ್ಕನ್ನು ಕಂಡೂ ನೀನು ಓಡಲಿಲ್ಲವಲ್ಲ, ಯಾಕಣ್ಣ?"

"ಎಲ್ಲಿಗೆ ಓಡಲಿ? ಮೇಲಿನ ಪೊಟರೆಯಲ್ಲಿರುವುದು ನನ್ನ ಮರಿಗಳು."